ಎಡಗಡೆಯ ಏಳನೆಯ ಪಕ್ಕೆಲುಬು

ನನ್ನ ತಂಗಿಯ ಮದುವೆಯಲ್ಲಿ ಶಾಸ್ತ್ರಪಾಠ ಓದುವ ಗೌರವ ಮೂಳೆಮಾವನಿಗೆ ಸಿಕ್ಕಿತ್ತು. ಅವರು ಅಮ್ಮನ ಒಬ್ಬನೇ ತಮ್ಮ. ಮೇಲಾಗಿ ಅವರ ದನಿ ಮೈಕಿನ ಹಂಗಿಲ್ಲದೆ ಕೊನೆಯ ಬೆಂಚಿನವರನ್ನೂ ಎಬ್ಬಿಸುವಂಥದ್ದು. ಮದುವೆಗಳಲ್ಲಿ ಎಲ್ಲರೂ ಆರಿಸುವ ಪಾಠವನ್ನೇ ಆರಿಸಿದ್ದೆವು. ದೇವರು ಮೊದಲ ಮನುಷ್ಯನಿಗೆ ಗಾಢವಾದ ನಿದ್ದೆ ಬರಿಸಿ, ಅವನ ಪಕ್ಕೆಲುಬೊಂದನ್ನು ತೆಗೆದು, ಅದರಿಂದ ಅವನಿಗೆ ಜೊತೆಗಾತಿಯನ್ನು ಮಾಡಿದ ಭಾಗ ಅದು.

ಮಾವ ಪೀಠದ ಮೇಲೆ ನಿಂತು, ಗ್ರಂಥ ತೆರೆದು, ಎಡಗೈಯನ್ನು ಅದರ ಮೇಲಿಟ್ಟು, ಬಲಗೈಯನ್ನು ಕನ್ನಡಕಕ್ಕಾಗಿ ಕೋಟಿನ ಒಳಜೇಬಿಗೆ ಹಾಕಿದರು. ಕನ್ನಡಕ ಬಂತು. ಅದರ ಬೆನ್ನಿಗೇ ಒಂದು ಕರವಸ್ತ್ರ ಬಂತು. ಕರವಸ್ತ್ರದೊಳಗಿಂದ ಒಂದು ಪಕ್ಕೆಲುಬು ಜಾರಿ, ಪೀಠದ ಮೆಟ್ಟಿಲುಗಳನ್ನು ಟಕಟಕನೆ ಇಳಿದು, ಮದುಮಗಳ ಬಿಳಿ ಉಡುಪಿನ ಅಂಚಿಗೆ ಬಂದು ನಿಂತಿತು.

ಪಾಠಕ್ಕೆ ತಕ್ಕ ಸಲಕರಣೆಯನ್ನೂ ತಂದಿದ್ದಾರೆ ಎಂದು ಹಿಂದಿನ ಸಾಲಿನ ಕೆಲವರು ಮೆಚ್ಚಿಕೊಂಡರಂತೆ. ಮುಂದಿನ ಸಾಲಿನವರು ಅಷ್ಟು ದೂರ ಯೋಚಿಸಲಿಲ್ಲ. ಗಂಡಿನ ಕಡೆಯ ಅತ್ತೆಯೊಬ್ಬರು ಕಿಟಾರನೆ ಕಿರುಚಿದರು.

"ಏನ್ರೀ ಅದು?" ಎಂದರು ಪಾದ್ರಿಗಳು.

"ಕುರಿದು," ಎಂದರು ಮಾವ. ಎಡಗೈ ಇನ್ನೂ ಗ್ರಂಥದ ಮೇಲೇ ಇತ್ತು. "ಕುರಿದು ಪಾದ್ರಿಗಳೇ, ಕುರಿದು."

ಇಡೀ ಚರ್ಚು ಉಸಿರು ಬಿಟ್ಟಿತು. ಕುರಿ ಎಂದ ಮೇಲೆ ಚರ್ಚಿನಲ್ಲಿ ಯಾರ ತಕರಾರು? ಬಣ್ಣದ ಗಾಜಿನ ಕಿಟಕಿಯಲ್ಲೇ ಕುರಿಗಳು ಕೂತಿದ್ದವು. ನನ್ನ ತಂಗಿ ಬಾಗಿ, ಅದನ್ನು ಎತ್ತಿ, ಮಾವನ ಕೈಗೆ ಕೊಟ್ಟಳು. ಪಾಠ ಸಾಂಗವಾಗಿ ಮುಗಿಯಿತು.

ಅದು ಕುರಿಯದಾಗಿರಲಿಲ್ಲ. ಮನುಷ್ಯನ ಎಡಗಡೆಯ ಏಳನೆಯ ಪಕ್ಕೆಲುಬು ಅದು. ಅದರ ಒಡೆಯ ಕಾಲೇಜಿನ ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿನಲ್ಲಿ, ಕಬ್ಬಿಣದ ಕೊಕ್ಕೆಗೆ ನೇತುಹಾಕಿಕೊಂಡು, ಅದಿಲ್ಲದೆ ನಿಂತಿದ್ದ.

ಆ ಮ್ಯೂಸಿಯಮ್ಮಿನ ಮೂಳೆಗಳನ್ನು ಜೋಡಿಸುವುದು ಮಾವನ ಕೆಲಸ. ನಮ್ಮ ಬಳಗದಲ್ಲಿ ಅವರಿಗೆ ಮೂಳೆಮಾವ ಎಂಬ ಹೆಸರು ಅಂಟಿದ್ದೂ ಅದರಿಂದಲೇ. ಆಳೂ ಗಟ್ಟಿಮುಟ್ಟು, ಮೂಳೆಚಕ್ಕಳವಾಗಿದ್ದರೆ ಹೆಸರನ್ನು ಹೊತ್ತು ತಿರುಗುವುದು ಇನ್ನೂ ಕಷ್ಟವಾಗುತ್ತಿತ್ತು. ಬಾವಲಿಯಿಂದ ಹಿಡಿದು ಕುದುರೆಯವರೆಗೆ ಅಲ್ಲಿ ನಿಂತಿದ್ದ ಪ್ರತಿಯೊಂದು ಅಸ್ಥಿಪಂಜರವೂ ಅವರ ಹಿತ್ತಾಳೆ ತಂತಿಯ ಋಣದಲ್ಲಿ ನಿಂತಿತ್ತು. ಬೈರಿಗೆಯಲ್ಲಿ ಸಣ್ಣ ರಂಧ್ರ ಕೊರೆಯುವುದು, ತಂತಿ ಪೋಣಿಸುವುದು, ಎರಡು ಬೆನ್ನುಮಣಿಗಳ ನಡುವೆ ಮೆದು ಉಣ್ಣೆಯ ಬಿಲ್ಲೆ ಇಡುವುದು, ಇಕ್ಕಳದಿಂದ ತಿರುಚಿ ತುದಿಯನ್ನು ಒಳಗೆ ಮಡಿಸುವುದು. ತಂತಿಯ ತುಂಡುಗಳು ಯಾವಾಗಲೂ ಅವರ ತುಟಿಗಳ ನಡುವೆ ಇರುತ್ತಿದ್ದವು. ಹಾಗಾಗಿ ಕೆಲಸದ ಹೊತ್ತಿನಲ್ಲಿ ಅವರು ಆಡುತ್ತಿದ್ದ ಮಾತು ಅರ್ಧ ಗೊಣಗಾಟವಾಗಿಯೇ ಕೇಳುತ್ತಿತ್ತು.

ಆ ಗೊಣಗಾಟ ಯಾರೊಂದಿಗೆ ಎಂಬುದು ಹೊಸಬರಿಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯುತ್ತಿತ್ತು. "ನೋಡು, ಈ ಮೊಣಕಾಲು ನೋಡು. ಇಡೀ ಮೈಭಾರ ಹೊರೋದು ಇದು, ಇದಕ್ಕೆ ಇಷ್ಟೇನಾ ಕೊಡೋದು? ಇನ್ನೊಂದು ಚೂರು ಅಗಲ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಬೆನ್ನುಮೂಳೆಯ ಸರದಿ ಬಂದರೆ ಜಗಳ ಇನ್ನೂ ಜೋರು. ಹೆಂಡತಿಯ ನಡುನೋವು, ತಮ್ಮ ನಡುನೋವು, ಪಾದ್ರಿಗಳ ನಡುನೋವು, ಎಲ್ಲದರ ದೂರನ್ನೂ ಒಟ್ಟಿಗೆ ಮೇಲಕ್ಕೆ ಒಪ್ಪಿಸುವರು. ಕೊನೆಯಲ್ಲಿ, ತಂತಿ ಸರಿಯಾಗಿ ಕೂತ ಮೇಲೆ, "ಆಯ್ತು, ಕೈಬೆರಳು ಮಾತ್ರ ಚೆನ್ನಾಗ್ ಮಾಡಿದೀಯ, ಸುಮ್ನೆ ಹೇಳ್ಬಾರ್ದು," ಎಂದು ರಾಜಿಯಾಗುವರು.

ಮುರಿದ ಮೂಳೆ ಅಂಟಿಸುವುದರಲ್ಲಿ ಅವರದೊಂದು ಪದ್ಧತಿಯಿತ್ತು. ಸೀಳಿಗೆ ಅಂಟು ತುಂಬಿ, ನೂಲು ಸುತ್ತಿ, ಕರವಸ್ತ್ರದಲ್ಲಿ ಮಡಿಸಿ, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡುವರು. "ಬಿಸಿಲಿಗಿಟ್ರೆ ಬೇಗ ಒಣಗಿ ಬಿರುಕು ಬಿಡತ್ತೆ. ಎದೆ ಕಾವಿದೆಯಲ್ಲ, ಅದು ಹದ. ಮೂಳೆ ಹುಟ್ಟಿದ್ದೇ ಆ ಕಾವಲ್ಲಿ." ಮದುವೆಯ ಹಿಂದಿನ ವಾರ ವಿದ್ಯಾರ್ಥಿಯೊಬ್ಬನ ಚೀಲದ ಪಟ್ಟಿ ಸಿಕ್ಕಿಕೊಂಡು ಆ ಪಕ್ಕೆಲುಬು ಸೀಳಿತ್ತು. ಮಾವನಿಗೆ ಇದ್ದದ್ದು ಒಂದೇ ಕೋಟು. ಕೆಲಸಕ್ಕೂ ಅದೇ, ಮದುವೆಗೂ ಅದೇ.

ಆ ಮನುಷ್ಯನ ಅಸ್ಥಿಪಂಜರವನ್ನು ಮಾವ ಕರೆಯುತ್ತಿದ್ದದ್ದು "ಯಜಮಾನ್ರು" ಎಂದು. ವಾರಸುದಾರರಿಲ್ಲದೆ ಆಸ್ಪತ್ರೆಯಲ್ಲಿ ಉಳಿದ ಯಾರದೋ ದೇಹ ಹಿಂದೆಂದೋ ಕಾಲೇಜಿಗೆ ಬಂದದ್ದು. ಹೆಸರಿಲ್ಲ, ಊರಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮಾವ ಮೊದಲು ಅವರಿಗೆ ನಮಸ್ಕಾರ ಹೇಳುವರು. ಅವರ ಮಗ್ಗುಲಿಗೆ ಚಿಂಪಾಂಜಿಯ ಅಸ್ಥಿಪಂಜರ. ಇಬ್ಬರ ತಲೆಯ ಮೇಲೂ, ಎಲ್ಲ ಜೀವಿಗಳಿಗೂ ಒಂದೇ ಮೂಲ, ಕಾಲಕಾಲಕ್ಕೆ ಬದಲಾಗುತ್ತ ಬದಲಾಗುತ್ತ ಹೀಗಾದವು ಎಂದು ಸಾರುವ ದೊಡ್ಡ ಫಲಕ. ಆ ಫಲಕದ ಧೂಳು ಒರೆಸುವುದೂ ಮಾವನ ಕೆಲಸವೇ. ಒಂದಕ್ಷರವನ್ನೂ ಒಪ್ಪದೆ, ಒಂದಕ್ಷರಕ್ಕೂ ಧೂಳು ಕೂರಲು ಬಿಡದೆ ಒರೆಸುವರು.

ವಿಭಾಗದ ಮುಖ್ಯಸ್ಥೆ ಪ್ರೊಫೆಸರಮ್ಮನಿಗೂ ಅವರಿಗೂ ಈ ವಿಚಾರವಾಗಿ ನಡೆಯುತ್ತಿದ್ದ ಸಂಭಾಷಣೆ ಚಹಾದಷ್ಟೇ ನಿತ್ಯದ್ದು.

"ಎರಡರ ಕೈಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ದಾಯಾದಿಗಳು ಅಂತ ಅನ್ಸಲ್ವಾ?" ಎನ್ನುವರು ಪ್ರೊಫೆಸರಮ್ಮ.

"ಒಬ್ಬನೇ ಬಡಗಿ ಮಾಡಿದ್ರೆ ಮೇಜಿಗೂ ನಾಲ್ಕು ಕಾಲು, ಕುರ್ಚಿಗೂ ನಾಲ್ಕು ಕಾಲು ಮೇಡಂ. ಕುರ್ಚಿಗೆ ವಯಸ್ಸಾಗಿ ಮೇಜಾಯ್ತು ಅಂತೀರಾ?"

"ಮೇಜು ಕುರ್ಚಿ ಮರಿ ಹಾಕಲ್ಲ ಕಣ್ರೀ."

ಚಹಾ ಕುಡಿದು ಇಬ್ಬರೂ ಕೆಲಸಕ್ಕೆ ಏಳುವರು. ಯಾರೂ ಸೋಲುತ್ತಿರಲಿಲ್ಲ, ಲೋಟ ಮಾತ್ರ ಖಾಲಿಯಾಗುತ್ತಿತ್ತು.

ಮಾವನ ನಂಬಿಕೆ ನಿಂತದ್ದು ವಾದದ ಮೇಲಲ್ಲ. ಬೆಳಕಿಗೆ, ನೀರಿಗೆ, ಮೀನಿಗೆ, ಹಕ್ಕಿಗೆ ದೇವರು ಬರೀ ಮಾತಾಡಿದ, ಆದವು. ಮನುಷ್ಯನ ಸರದಿ ಬಂದಾಗ ಮಾತ್ರ ಬಗ್ಗಿ ಮಣ್ಣಿಗೆ ಕೈಹಾಕಿದ, ಮೂಗಿಗೆ ಉಸಿರೂದಿದ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆಲ್ಲ ಇದನ್ನು ಬಾಯಿಪಾಠ ಮಾಡಿಸಿದ್ದರು, ನಾವು ಅಂಕ ಪಡೆದು ಮರೆತಿದ್ದೆವು. ಮಾವ ಮರೆತಿರಲಿಲ್ಲ. "ಕೈ ಕೆಸರು ಮಾಡ್ಕೊಂಡೋನು ಮಾಡಿದ್ದನ್ನ ಮರೆಯಲ್ಲ ಕಣೋ," ಎಂದು ನನಗೊಮ್ಮೆ ಹೇಳಿದ್ದರು. "ಈ ಯಜಮಾನ್ರ ಹೆಸರು ನಮಗೆ ಗೊತ್ತಿಲ್ಲ. ಮಾಡಿದೋನಿಗೆ ಗೊತ್ತು. ಸತ್ತೋರನ್ನೆಲ್ಲ ಎಬ್ಬಿಸೋ ದಿನ ಬಂದಾಗ ಇವರು ಎದ್ದು, ಎದೆ ತಡವಿ ನೋಡ್ಕೊಂಡು, 'ಒಂದು ಕಡಿಮೆ ಇದೆಯಲ್ಲಪ್ಪ' ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?" ಅದಕ್ಕೇ ಅವರ ಮೇಜಿನ ಕೆಳಗೆ ಒಂದು ಪೆಟ್ಟಿಗೆಯಿತ್ತು. ಉದುರಿದ ಚೂರು, ಸವೆದ ಅಂಚು, ಹಲ್ಲಿನ ಪುಡಿ, ಏನನ್ನೂ ಗುಡಿಸಿ ಎಸೆಯುತ್ತಿರಲಿಲ್ಲ.

ಮದುವೆಯ ಊಟದ ಸಾಲಿನಲ್ಲಿ ಮಾವನ ಎದುರಿಗೆ ಕೂತವರು ದೊಡ್ಡ ಮೇಷ್ಟ್ರು. ಚರ್ಚಿನ ಸಭೆಯ ಹಿರಿಯರು, ನಿವೃತ್ತ ಹೆಡ್‌ಮಾಸ್ಟರು, ಭಾನುವಾರದ ಮಕ್ಕಳ ತರಗತಿಯನ್ನು ಮೂರು ತಲೆಮಾರಿಗೆ ನಡೆಸಿದವರು. ಮಾವನಿಗೂ ಅವರೇ, ನನಗೂ ಅವರೇ.

"ಎಂಥ ಪಾಠ!" ಎಂದರು ಮೇಷ್ಟ್ರು, ಪಕ್ಕದ ಮಕ್ಕಳ ಕಡೆ ತಿರುಗಿ. "ಇವತ್ತಿಗೂ ಗಂಡಸರಿಗೆ ಎಡಗಡೆ ಒಂದು ಪಕ್ಕೆಲುಬು ಕಡಿಮೆ. ಮುಟ್ಟಿ ನೋಡ್ಕೊಳ್ಳಿ."

ಮಕ್ಕಳು ಅಂಗಿಯೊಳಗೆ ಕೈಹಾಕಿದರು. ನಾವೂ ಒಂದು ಕಾಲದಲ್ಲಿ ಹಾಕಿದವರೇ. ಎಣಿಸಿದಾಗ ಪ್ರತಿಯೊಬ್ಬನಿಗೂ ಅವನವನ ಭಕ್ತಿಗೆ ತಕ್ಕ ಲೆಕ್ಕ ಸಿಗುತ್ತಿತ್ತು. ಮಾವ ತಟ್ಟೆ ನೋಡುತ್ತ ಊಟ ಮಾಡಿದರು. ಪಕ್ಕೆಲುಬು ಎರಡೂ ಕಡೆ ಸರಿಸಮ ಎಂಬುದನ್ನು ಮೇಷ್ಟ್ರಿಗೆ ಹೇಳುವ ಧೈರ್ಯ ಈ ಮೂವತ್ತು ವರ್ಷಗಳಲ್ಲಿ ಅವರಿಗೆ ಬಂದಿರಲಿಲ್ಲ. ಮೇಷ್ಟ್ರ ಮುಂದೆ ಅವರು ಇನ್ನೂ ಬೆಂಚಿನ ಮೇಲೆ ನಿಂತ ಹುಡುಗನೇ.

ಸೋಮವಾರ ಮಾವ ತಂತಿ ತರಲು ಉಗ್ರಾಣಕ್ಕೆ ಹೋಗಿ ಬರುವಷ್ಟರಲ್ಲಿ, ಮದುವೆಯ ಪಾಠದ ಗುಂಗಿನಲ್ಲೇ ಬಂದ ಮೇಷ್ಟ್ರು ಮ್ಯೂಸಿಯಮ್ಮಿನಲ್ಲಿ ನಿಂತಿದ್ದರು. ಕೊಡೆಯ ತುದಿಯಿಂದ ಯಜಮಾನರ ಎದೆಗೂಡನ್ನು ಎಣಿಸುತ್ತಿದ್ದರು. ಬಲಗಡೆ ಹನ್ನೆರಡು. ಎಡಗಡೆ ಹನ್ನೊಂದು. ಮತ್ತೆ ಎಣಿಸಿದರು. ಅನುಮಾನ ಉಳಿಯದಿರಲೆಂದು ಚಿಂಪಾಂಜಿಯನ್ನೂ ಎಣಿಸಿದರು. ಎರಡು ಕಡೆಯೂ ಹದಿಮೂರು ಹದಿಮೂರು.

"ನೋಡೋ!" ಎಂದರು ಮಾವನನ್ನು ಕಂಡು. "ಕೋತಿಗೆ ಎರಡು ಕಡೆಯೂ ಸಮ. ಮನುಷ್ಯನಿಗೆ ಎಡಗಡೆ ಒಂದು ಕಡಿಮೆ. ಇಷ್ಟು ವರ್ಷ ನೀನು ಇದನ್ನ ಎದುರಿಗೇ ಇಟ್ಕೊಂಡು ನನಗೆ ಒಂದು ಮಾತು ಹೇಳಲಿಲ್ವಲ್ಲೋ!"

ಪಕ್ಕಾ ಪುರಾವೆ ಮಾವನ ಒಳಜೇಬಿನಲ್ಲಿ, ಅವರ ಎದೆಗೆ ಒತ್ತಿಕೊಂಡು ಕೂತಿತ್ತು. ಆಗಲೇ ತೆಗೆದು ತೋರಿಸಬಹುದಿತ್ತು. ಆದರೆ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಶನಿವಾರ ಅವನನ್ನ ಕರ್ಕೊಂಡು ಬರ್ತೀನಿ," ಎಂದರು. "ಕಣ್ಣಾರೆ ನೋಡಲಿ. ನನ್ನ ಮಾತು ಬೇಡ, ಪಾದ್ರಿಗಳ ಮಾತು ಬೇಡ. ಇದನ್ನ ನೋಡಲಿ."

'ಅವನು' ಎಂದರೆ ಮೇಷ್ಟ್ರ ಮಗ. ಲಿಫ್ಟು ರಿಪೇರಿ ಮಾಡುವ ಕೆಲಸ. ಇಡೀ ಊರನ್ನು ಮೇಲೆ ಹತ್ತಿಸುತ್ತಿದ್ದವನು ತಾನು ಮೇಲೆ ನೋಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅವನ ಮಗಳು ಹೃದಯದಲ್ಲಿ ತೂತಿಟ್ಟುಕೊಂಡು ಹುಟ್ಟಿದವಳು. ಶಾಲೆಗೆ ಸೇರಿಸುವ ವಯಸ್ಸಿಗೆ ಬಂದಾಗ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ದಿನದಿಂದ ಅವನು ಚರ್ಚಿನ ಹೊಸ್ತಿಲು ತುಳಿದಿರಲಿಲ್ಲ. ಯಾರಾದರೂ ಕೇಳಿದರೆ, "ದೇವರು ಮಾಡ್ದ ಅನ್ನೋದೆಲ್ಲ ಸುಳ್ಳು. ನಾವೆಲ್ಲ ಹೇಗೋ ಆದೋರು," ಎಂದಷ್ಟೇ ಹೇಳಿ ಸ್ಕೂಟರ್ ಹತ್ತುತ್ತಿದ್ದ. ಅಪ್ಪ ಮಗ ಒಂದೇ ಮನೆಯಲ್ಲಿದ್ದರು. ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಮೇಷ್ಟ್ರು ಊಟಕ್ಕೆ ಮುಂಚೆ ಕಣ್ಣುಮುಚ್ಚಿ ಪ್ರಾರ್ಥಿಸುವಾಗ ಮಗ ನೀರಿನ ಲೋಟ ತರಲು ಎದ್ದು ಹೋಗುತ್ತಿದ್ದ. ಆಮೇಲೆ ಇಬ್ಬರೂ ಮಾತಿಲ್ಲದೆ ಉಣ್ಣುತ್ತಿದ್ದರು.

"ಇದು ನಿಜ ಅಂತ ಅವನಿಗೆ ಗೊತ್ತಾದ್ರೆ ಮಿಕ್ಕಿದ್ದೆಲ್ಲ ನಿಜ ಆಗತ್ತೆ ಕಣೋ," ಎಂದು ಹೇಳಿ ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಹೋದರು. ಹೊರಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಮನೆಗೆ ಬಂದು ಮಾವ ಎಲ್ಲವನ್ನೂ ಅತ್ತೆಗೆ ಹೇಳಿದರು. ನಾನು ಮದುವೆಗೆಂದು ಅವರಿಂದ ತಂದಿದ್ದ ಪಾತ್ರೆಗಳನ್ನು ಹಿಂದಿರುಗಿಸಲು ಬಂದವನು ಅಲ್ಲೇ ಸಿಕ್ಕಿಬಿದ್ದೆ.

"ಎಲುಬಿಲ್ಲದ ನಾಲಿಗೆ ಅಂತಾರೆ," ಎಂದರು ಅತ್ತೆ. "ನಿಮ್ಮದು ಎಲುಬು ಹಿಡ್ಕೊಂಡೇ ಹೊರಳ್ತಲ್ಲ! ಗ್ರಂಥದ ಮೇಲೆ ಕೈಯಿಟ್ಟು ಕುರಿದು ಅಂತೀರಾ?"

"ಮದುಮಗಳ ಕಾಲ ಹತ್ರ ಹೆಣದ ಮೂಳೆ ಅಂತ ಹೇಳೋಕಾಗತ್ತೇನೇ? ಆ ಕಿರುಚಿದ ಹೆಂಗಸು ಅಲ್ಲೇ ಬಿದ್ಬಿಡ್ತಿದ್ರು."

"ಈಗ ಏನು ಮಾಡ್ತೀರಿ?"

"ಜೋಡಿಸಿಬಿಡ್ತೀನಿ. ಅಂಟು ಹಿಡಿದಿದೆ."

ಅತ್ತೆ ಪಾತ್ರೆ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. ಅವರ ದನಿ ತಗ್ಗಿತು. "ಶನಿವಾರ ಕಳೀಲಿ. ಆಮೇಲೆ ಜೋಡಿಸಿ. ಅಷ್ಟು ದಿನ ಆ ಪಕ್ಕೆಲುಬು ಹೊರಗಿದ್ರೆ ನಿಮ್ಮ ಯಜಮಾನ್ರಿಗೆ ಚಳಿ ಆಗತ್ತಾ? ಆ ಮಗು ಹೋದ ಮೇಲೆ ಮೇಷ್ಟ್ರ ಮನೇಲಿ ಯಾರಾದ್ರೂ ನಕ್ಕಿದ್ದು ನೋಡಿದೀರಾ? ಒಂದು ಮೂಳೆಯಿಂದ ಆ ಅಪ್ಪ ಮಗ ಮಾತಾಡೋ ಹಾಗಾದ್ರೆ..."

ಮಾವ ಕೋಟಿನ ಮೇಲಿಂದಲೇ ಜೇಬನ್ನು ಮುಟ್ಟಿ ನೋಡಿಕೊಂಡರು, ಬಸ್ಸಿನಲ್ಲಿ ಜನ ಪರ್ಸು ಮುಟ್ಟಿ ನೋಡಿಕೊಳ್ಳುವ ಹಾಗೆ.

ಮರುದಿನ ಸಂಜೆ ಮೇಷ್ಟ್ರ ಮನೆಗೆ ಹೊರಟರು. ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡರು. ಮಗ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮುಂದಿನ ಕೋಣೆಯಲ್ಲಿ ಗೋಡೆಯ ಬುಡದಲ್ಲಿ, ದೊಡ್ಡವರ ಚಪ್ಪಲಿಗಳ ಸಾಲಿನ ಕೊನೆಯಲ್ಲಿ, ಒಂದು ಜೊತೆ ಪುಟ್ಟ ನೀಲಿ ಚಪ್ಪಲಿ ಹಾಗೆಯೇ ಇತ್ತು. ಯಾರೂ ಅದನ್ನು ತೆಗೆದಿರಲಿಲ್ಲ, ಯಾರೂ ಅದರ ಮೇಲೆ ತಮ್ಮದನ್ನು ಬಿಟ್ಟಿರಲಿಲ್ಲ.

ಮಾವ ಕರವಸ್ತ್ರ ಬಿಚ್ಚಿ ಪಕ್ಕೆಲುಬನ್ನು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಮದುವೇಲಿ ಬಿದ್ದಿದ್ದು ಇದು. ಕುರಿದಲ್ಲ. ನೀವು ಎಣಿಸಿದ್ರಲ್ಲ, ಅವರದೇ. ಸೀಳಿತ್ತು, ಅಂಟಿಸೋಕೆ ತೆಗೆದಿದ್ದೆ. ಗಂಡಸಿಗೂ ಹೆಂಗಸಿಗೂ ಹನ್ನೆರಡು ಜೊತೆ. ಎರಡು ಕಡೆಯೂ."

ಮೇಷ್ಟ್ರು ಅದನ್ನು ನೋಡಿದರು. ಮುಟ್ಟಲಿಲ್ಲ.

"ಯಾವಾಗಿನಿಂದ ಗೊತ್ತು ನಿನಗೆ?"

"ಕೆಲಸಕ್ಕೆ ಸೇರಿದಾಗಿನಿಂದ."

"ಮತ್ತೆ ಗ್ರಂಥದಲ್ಲಿ?"

"ಗ್ರಂಥದಲ್ಲಿ ಅವನಿಂದ ಒಂದು ತೆಗೆದ ಅಂತಿದೆ. ಅವನ ಮಕ್ಕಳಿಗೂ ಕಡಿಮೆ ಕೊಟ್ಟ ಅಂತ ಎಲ್ಲೂ ಇಲ್ಲ ಮೇಷ್ಟ್ರೇ. ಅಪ್ಪನ ಬೆರಳು ಮೆಷಿನ್‌ಗೆ ಸಿಕ್ಕು ಹೋದ್ರೆ ಮಗ ಒಂಬತ್ತು ಬೆರಳಲ್ಲಿ ಹುಟ್ತಾನಾ?"

ಮೇಷ್ಟ್ರು ನನ್ನ ಕಡೆ ನೋಡಿದರು. ಎಷ್ಟು ಮಕ್ಕಳ ಕೈಯನ್ನು ಅವರವರ ಅಂಗಿಯೊಳಗೆ ಹಾಕಿಸಿದ್ದೆನಪ್ಪ ಎಂದು ಲೆಕ್ಕ ಹಾಕುತ್ತಿದ್ದರೋ ಏನೋ. ನಾನು ಚಾವಣಿಯ ಫ್ಯಾನು ನೋಡಿದೆ. ಆಮೇಲೆ ಅವರು ಹೇಳಿದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ಜೀವಮಾನವಿಡೀ ಸುಳ್ಳು ಹೇಳಿದ ಹುಡುಗರ ಅಂಗೈಗೆ ಬೆತ್ತ ಬೀಸಿದವರು ಅವರು.

"ಅವನು ಬರ್ತೀನಿ ಅಂದಿದ್ದಾನೆ ಕಣೋ. ಎರಡು ವರ್ಷದಲ್ಲಿ ಮೊದಲ ಸಲ ನಾನು ಕರೆದ ಕಡೆ ಬರ್ತೀನಿ ಅಂದಿದ್ದಾನೆ. ಶನಿವಾರದವರೆಗೆ... ಅದು ನಿನ್ನ ಜೇಬಲ್ಲೇ ಇರಲಿ."

"ಮೇಷ್ಟ್ರೇ..."

"ನಿನ್ನನ್ನ ಯಾವತ್ತಾದ್ರೂ ಏನಾದ್ರೂ ಕೇಳಿದೀನೇನೋ?"

ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪಕ್ಕೆಲುಬನ್ನು ಮತ್ತೆ ಕರವಸ್ತ್ರದಲ್ಲಿ ಮಡಿಸಿ ಎದ್ದರು. ದಾರಿಯುದ್ದಕ್ಕೂ ಅವರು ತಂತಿಯಿಲ್ಲದ ಬಾಯಲ್ಲೇ ಗೊಣಗುತ್ತ ಬಂದರು. ಈ ಸಲದ ಜಗಳ ಮೊಣಕಾಲಿನ ಬಗ್ಗೆ ಅಲ್ಲ ಎಂಬುದಷ್ಟೇ ನನಗೆ ಗೊತ್ತಾಯಿತು.

ಶನಿವಾರ ಅತ್ತೆ ಊಟದ ಡಬ್ಬಿಯನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ಡಬ್ಬಿ ನೆಪ, ಏನಾಯಿತೆಂದು ಬಂದು ಹೇಳಬೇಕಿತ್ತು. ನಾನು ಹೋದಾಗ ಕಾಲೇಜಿಗೆ ರಜೆಯ ನಿಶ್ಶಬ್ದ. ಮ್ಯೂಸಿಯಮ್ಮಿನ ಎತ್ತರದ ಕಿಟಕಿಗಳಿಂದ ಬೆಳಕು ಗಾಜಿನ ಕಪಾಟುಗಳ ಮೇಲೆ ಬಿದ್ದಿತ್ತು. ಯಜಮಾನರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಇಕ್ಕಳ, ಬೈರಿಗೆ, ತಂತಿಯ ಸುರುಳಿ, ಮತ್ತು ಬಿಚ್ಚಿದ ಕರವಸ್ತ್ರದ ಮೇಲೆ ಪಕ್ಕೆಲುಬು. ಎಡಗಡೆ ಇನ್ನೂ ಹನ್ನೊಂದೇ. ಮಾವ ಕೈಕಟ್ಟಿ ಕೂತಿದ್ದರು. ಪಕ್ಕೆಲುಬು ಜೇಬಿನಲ್ಲೂ ಇಲ್ಲ, ಜಾಗದಲ್ಲೂ ಇಲ್ಲ. ಅದೇನು ಲೆಕ್ಕವೋ ನನಗೆ ತಿಳಿಯಲಿಲ್ಲ.

ಅಪ್ಪ ಮಗ ಬಂದರು. ಸ್ಟೂಲಿನ ಮೇಲಿದ್ದದ್ದನ್ನು ಕಂಡ ಕೂಡಲೇ ಮೇಷ್ಟ್ರು ನಿಂತಲ್ಲೇ ನಿಂತರು. ಮಗ ಗಮನಿಸಲಿಲ್ಲ. ಅವನು ನೇರವಾಗಿ ಯಜಮಾನರ ಬಳಿ ಹೋಗಿ, ಆ ಬಿಳಿ ಕೈಬೆರಳುಗಳನ್ನು ನೋಡುತ್ತ ನಿಂತ.

"ಒಂದು ಸಲ ಅವಳನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೆ," ಎಂದ, ಯಾರಿಗೆಂದಿಲ್ಲದೆ. "ಇವರ ಕೈ ಕುಲುಕಿ, 'ಯಾಕೆ ಇಷ್ಟು ಸಣ್ಣ ಆಗಿದೀರಿ, ಊಟ ಮಾಡಲ್ವಾ?' ಅಂತ ಕೇಳಿದ್ಲು."

"ಜ್ಞಾಪಕ ಇದೆ," ಎಂದರು ಮಾವ. "ನನ್ನ ಡಬ್ಬೀಲಿದ್ದ ಬಾಳೆಹಣ್ಣು ಇವರ ಕೈಗೆ ಕೊಟ್ಟಿದ್ಲು."

ಮಗ ತಲೆಯಾಡಿಸಿದ. ಆಮೇಲೆ, "ಏನೋ ತೋರಿಸ್ತೀನಿ ಅಂದ್ರಲ್ಲ ಅಪ್ಪಾ?"

ಮೇಷ್ಟ್ರು ಮಾವನನ್ನು ನೋಡಿದರು. ಮಾವ ಮೇಷ್ಟ್ರನ್ನು ನೋಡಿದರು. ಹೇಳುವುದೋ ಬಿಡುವುದೋ ಮೇಷ್ಟ್ರಿಗೇ ಬಿಟ್ಟದ್ದೆಂದು ಆಗ ನನಗೆ ಅರ್ಥವಾಯಿತು. ಶಿಷ್ಯನಾದವನು ಗುರುವಿನ ಸುಳ್ಳನ್ನು ಆಡಲಾರ. ಗುರುವಿನ ಸತ್ಯವನ್ನೂ ಅವರ ಬಾಯಿಂದ ಕಿತ್ತುಕೊಳ್ಳಲಾರ. ಮೇಷ್ಟ್ರು ಕೊಡೆಯನ್ನು ಎರಡೂ ಕೈಯಲ್ಲಿ ಊರಿಕೊಂಡರು. ಕರವಸ್ತ್ರ ಅವರ ಕೈಗೆಟಕುವಷ್ಟು ದೂರದಲ್ಲಿತ್ತು. ಅದರ ಒಂದು ಮೂಲೆಯನ್ನು ಮಡಿಸಿದ್ದರೆ ಸಾಕಿತ್ತು, ಪಕ್ಕೆಲುಬು ಮಂಗಮಾಯ.

"ಎಡಗಡೆ ಒಂದು ಪಕ್ಕೆಲುಬು ಇಲ್ಲ, ಅದೇ ಸೃಷ್ಟಿಗೆ ಸಾಕ್ಷಿ ಅಂತ ತೋರಿಸೋಕೆ ಕರ್ಕೊಂಡು ಬಂದೆ ಮಗಾ," ಎಂದರು ಮೇಷ್ಟ್ರು. "ಇಲ್ಲೇ ಇದೆ ಅದು. ರಿಪೇರಿಗೆ ತೆಗೆದಿದ್ರು. ನನಗೆ ಮಂಗಳವಾರವೇ ಗೊತ್ತಾಯ್ತು. ಗೊತ್ತಾದ ಮೇಲೂ ಮುಚ್ಚಿಡು ಅಂತ ಇವನನ್ನ ಬೇಡ್ಕೊಂಡೆ."

ಮಗ ಪಕ್ಕೆಲುಬನ್ನು ನೋಡಿದ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ.

"ಯಾಕಪ್ಪ? ನಿಮಗ್ಯಾಕೆ ಇಷ್ಟು ಹಟ? ನಾನು ನಂಬಿದ್ರೆ ಎಷ್ಟು, ಬಿಟ್ರೆ ಎಷ್ಟು? ಯಾರೂ ಮಾಡಿದ್ದಲ್ಲ, ಹಾಗೇ ಆಯ್ತು ಅಂದ್ಕೊಂಡ್ರೆ ನನಗೆ ನಿದ್ದೆ ಬರತ್ತೆ. ಒಬ್ಬ ಕೂತು, ನೋಡಿ, ಮಾಡಿದ, ಅವಳ ಎದೇಲಿ ಅದನ್ನೂ ಬಿಟ್ಟ ಅಂದ್ಕೊಂಡ್ರೆ ಬರಲ್ಲ. ನಿಮಗೆ ಹೇಗೆ ಬರತ್ತೆ?"

"ಬರಲ್ಲ," ಎಂದರು ಮೇಷ್ಟ್ರು.

ದೂರದಲ್ಲೆಲ್ಲೋ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು.

"ನನಗೆ ಉತ್ತರ ಗೊತ್ತಿಲ್ಲ ಮಗಾ. ಪಕ್ಕೆಲುಬಿನ ಲೆಕ್ಕವೇ ಗೊತ್ತಿರಲಿಲ್ಲ, ತೂತಿನ ಲೆಕ್ಕ ಹೇಗೆ ಗೊತ್ತಾಗತ್ತೆ? ಆದ್ರೆ ಒಂದು ಹೇಳು. ಯಾರೂ ಮಾಡಿಲ್ಲ ಅಂದ್ರೆ, ಅವಳು ಆಗಿದ್ಲು, ಮುಗಿದ್ಲು. ಮಾಡಿದೋನು ಒಬ್ಬ ಇದ್ರೆ, ಈಗ ಅವಳು ಅವನ ಕೈಲಿದ್ದಾಳೆ. ಮಾಡಿದೋನಿಗೆ ಮತ್ತೆ ಮಾಡೋಕೆ ಬರತ್ತೆ. ನಾನು ಎಂಬತ್ತರ ಹತ್ತಿರ ಇದ್ದೀನಿ. ಹೋದ ಮೇಲೆ ಅವಳನ್ನ ಎಲ್ಲಿ ಅಂತ ಹುಡುಕಲಿ, ಯಾರನ್ನ ಅಂತ ಕೇಳಲಿ? ಕೇಳೋಕೆ ಒಬ್ಬ ಇರ್ಬೇಕು ಕಣೋ."

ಇಷ್ಟು ವರ್ಷ ಸೃಷ್ಟಿಯ ಬಗ್ಗೆ ಅವರು ಮಾಡಿದ ಪಾಠಗಳಲ್ಲಿ ಇಷ್ಟು ಚಿಕ್ಕದು ಇನ್ನೊಂದಿರಲಿಲ್ಲ. ಮಗ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಮೇಷ್ಟ್ರು ಅವನ ಬಳಿ ಹೋಗಿ, ಏನು ಮಾಡಬೇಕೆಂದು ತಿಳಿಯದೆ, ಅವನ ಅಂಗಿಯ ಮಡಚಿದ ಕಾಲರನ್ನು ಸರಿಮಾಡಿದರು. ಹಾಗೆಯೇ ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತರು. ಮಗ ಆ ಕೈಯನ್ನು ಕೊಡವಲಿಲ್ಲ.

ಮಾವ ಎದ್ದು, ತಂತಿಯ ತುಂಡುಗಳನ್ನು ತುಟಿಗಿಟ್ಟುಕೊಂಡು, ಪಕ್ಕೆಲುಬನ್ನು ಅದರ ಜಾಗಕ್ಕೆ ಹಿಡಿದರು. ಹಿಂದೆ ಬೆನ್ನುಮಣಿಗೆ ಕೂರಿಸಿದರೆ ಮುಂದೆ ಎದೆಯ ಮೂಳೆಯಿಂದ ಜಾರುತ್ತದೆ; ಮುಂದೆ ಹಿಡಿದರೆ ಹಿಂದೆ ಜಾರುತ್ತದೆ.

"ಮುಂದೆ ಸ್ವಲ್ಪ ಹಿಡ್ಕೋ ತಮ್ಮಾ," ಎಂದರು.

ಮೇಷ್ಟ್ರ ಮಗ ಕಣ್ಣೊರೆಸಿಕೊಂಡು ಬಂದು ಹಿಡಿದುಕೊಂಡ. ಲಿಫ್ಟಿನ ಹಗ್ಗ ಹಿಡಿದು ಪಳಗಿದ ದಪ್ಪ ಬೆರಳುಗಳು ಆ ಸಪೂರ ಮೂಳೆಯನ್ನು ಹಕ್ಕಿಮರಿಯಂತೆ ಹಿಡಿದಿದ್ದವು. ಮಾವ ತಂತಿ ತೂರಿಸಿದರು. ತಪ್ಪಿತು. ಮತ್ತೆ ತೂರಿಸಿದರು. ಮತ್ತೆ ತಪ್ಪಿತು. "ಇಷ್ಟು ಸೊಟ್ಟಗೆ ಯಾರಾದ್ರೂ ಮಾಡ್ತಾರಾ? ಹೇಳು, ಮಾಡ್ತಾರಾ? ಕಣ್ಣು ಬಿಟ್ಕೊಂಡ್ ತಾನೆ ಮಾಡಿದ್ದು ನೀನು?" ಎಂದು ತುಟಿಯ ನಡುವಿನಿಂದಲೇ ಗೊಣಗಿದರು.

"ನನಗೆ ಹೇಳಿದ್ರಾ ಅಣ್ಣಾ?"

"ನಿನಗಲ್ಲಪ್ಪ."

ಮಗ ಒಂದು ಕ್ಷಣ ಯಜಮಾನರ ಮಗ್ಗುಲಿನ ಚಿಂಪಾಂಜಿಯನ್ನು, ಮೇಲಿನ ಫಲಕವನ್ನು ನೋಡಿದ. ಆಮೇಲೆ ನಿಧಾನವಾಗಿ ಕೇಳಿದ. "ಅಣ್ಣಾ, ನಿಜ ಹೇಳಿ. ಅಪ್ಪನಿಗೆ ಪಕ್ಕೆಲುಬಾದ್ರೂ ಬೇಕಿತ್ತು. ನಿಮಗೆ ಹನ್ನೆರಡೂ ಇದೆ ಅಂತ ಮೊದಲಿಂದ ಗೊತ್ತು. ದಿನಾ ಈ ಕೋತಿ, ಈ ಬೋರ್ಡು ಎದುರಿಗೇ ಇಟ್ಕೊಂಡು ಕೆಲಸ ಮಾಡ್ತೀರಿ. ಆದ್ರೂ ನಮ್ಮನ್ನ ಒಬ್ಬ ಮಾಡಿದ್ದಾನೆ ಅಂತ ಯಾಕೆ ನಂಬ್ತೀರಿ?"

ಮಾವ ಕೈ ನಿಲ್ಲಿಸಿದರು. ಮೇಷ್ಟ್ರು ಕೊಡೆಯೂರಿ ಮುಂದೆ ಬಾಗಿದರು. ನಾನೂ ಡಬ್ಬಿ ಕೆಳಗಿಟ್ಟೆ. ಮಾವ ತುಟಿಯಿಂದ ತಂತಿ ತೆಗೆದು, ಪಕ್ಕೆಲುಬನ್ನೇ ನೋಡುತ್ತ ಯೋಚಿಸಿದರು.

"ಬೈಯೋಕೆ ಒಬ್ಬ ಬೇಕಲ್ಲಪ್ಪ," ಎಂದರು. "ಆ ಇಕ್ಕಳ ಕೊಡು."